ಬೋರ್ಡ್ ಅದೇ, ಫಿನ್ ಬೇರೆ

ಸರ್ಫ್‌ಬೋರ್ಡಿನ ಮಾತು ಬಂದರೆ ಎಲ್ಲರೂ ಉದ್ದ ಎಷ್ಟು, ಅಗಲ ಎಷ್ಟು, ಎಷ್ಟು ಲೀಟರು ಅಂತ ಕೇಳುತ್ತಾರೆ. ಕೆಳಗೆ ಯಾವ ಫಿನ್, ಅಂದರೆ ತಳದಲ್ಲಿ ಬಾಲದ ಕಡೆ ಕೂರಿಸುವ ರೆಕ್ಕೆ, ಹಾಕಿದ್ದೀರಿ ಅಂತ ಕೇಳುವವರು ಕಮ್ಮಿ. ಬೋರ್ಡಿನ ಜೊತೆ ಬಂದ ಮೂರು ಫಿನ್‌ಗಳನ್ನು ವರ್ಷಗಟ್ಟಲೆ ಬಿಚ್ಚದೆ ಹಾಗೇ ಬಿಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಮೊದಲಿನಿಂದಲೂ ಫಿನ್ ಮೇಲೇ ಕಣ್ಣು. ಅಂಗೈಯಷ್ಟಿರುವ ಈ ವಸ್ತುವನ್ನು ಬದಲಾಯಿಸಿದರೆ ಸಾಕು, ಕಾಲಡಿಯ ಬೋರ್ಡೇ ಬೇರೆ ಆದಂತೆ ಅನಿಸುತ್ತದೆ. ಯಾಕೆ ಹೀಗೆ ಅಂತ ಒಂದೊಂದನ್ನೇ ಹಾಕಿ, ಅಲೆ ಹಿಡಿದು, ನಿಧಾನಕ್ಕೆ ತಿಳಿದುಕೊಂಡೆ.

ಇದಕ್ಕೆ ನಾನು ಇಟ್ಟುಕೊಂಡದ್ದು ಐದು ಫಿನ್ ಬಾಕ್ಸ್, ಅಂದರೆ ಫಿನ್ ಕೂರಿಸುವ ಗುಳಿ, ಇರುವ ಬೋರ್ಡ್. ಉದ್ದ 5 ಅಡಿ 11 ಇಂಚು, ಬಾಲ ಚೌಕ, ಮೂಲೆಗಳು ದುಂಡಗೆ. ಮುಂದೆ ಎರಡು ಬಾಕ್ಸ್, ಅವುಗಳ ಹಿಂದೆ ಇನ್ನೆರಡು, ಬಾಲದ ಹತ್ತಿರ ನಡುವೆ ಒಂದು. ಮೂರು ಫಿನ್ ಹಾಕಬಹುದು, ನಾಲ್ಕು ಹಾಕಬಹುದು, ಎರಡೇ ಹಾಕಿಯೂ ಹೋಗಬಹುದು. ಫಿನ್ ಹೋಲಿಸಬೇಕು ಅಂದರೆ ಬೋರ್ಡ್ ಒಂದೇ ಇರಬೇಕು. ಒಂದು ಬೋರ್ಡಿನಲ್ಲಿ ಎರಡು ಫಿನ್, ಇನ್ನೊಂದರಲ್ಲಿ ಮೂರು ಅಂತ ನೋಡಿದರೆ, ಕಂಡ ವ್ಯತ್ಯಾಸ ಫಿನ್‌ದೋ, ಬಾಲದ ಅಗಲದ್ದೋ, ತಳದ ಬಾಗಿನದ್ದೋ ಗೊತ್ತಾಗುವುದೇ ಇಲ್ಲ.

ಜಾಗವೂ ಒಂದೇ. ಅಲೆ ಸೊಂಟದಿಂದ ಎದೆ ಮಟ್ಟ ಇರುವ, ಗಾಳಿ ಕಮ್ಮಿ ಇರುವ ಬೆಳಿಗ್ಗೆಗಳನ್ನೇ ಆರಿಸಿಕೊಳ್ಳುತ್ತಿದ್ದೆ. ಒಂದು ಸೆಟ್ ಹಾಕಿ ಕೆಲವು ಅಲೆ ಹಿಡಿಯುವುದು, ದಡಕ್ಕೆ ಬರುವುದು, ಫಿನ್ ಬದಲಾಯಿಸುವುದು, ಮತ್ತೆ ಒಳಗೆ ಹೋಗುವುದು. ಬದಲಾಯಿಸಿದ ಮೇಲಿನ ಮೊದಲ ಒಂದೆರಡು ಅಲೆ ಲೆಕ್ಕಕ್ಕಿಲ್ಲ. ಕಾಲು ಇನ್ನೂ ಹಳೆಯ ಫಿನ್‌ನ ಅಭ್ಯಾಸದಲ್ಲೇ ಇರುತ್ತದೆ. ಆಮೇಲಿನ ಅಲೆಗಳಲ್ಲಿ ಮೂರು ವಿಷಯ ಮಾತ್ರ ಗಮನಿಸುತ್ತಿದ್ದೆ. ಸುಮ್ನೆ ನಿಂತರೂ ಬೋರ್ಡ್ ಓಡುತ್ತದೆಯೇ, ಇಲ್ಲಾ ನಾನೇ ಒತ್ತಿ ಓಡಿಸಬೇಕೇ? ತಿರುವಿನಲ್ಲಿ ಬಾಲ ಯಾವ ಹಂತದಲ್ಲಿ ಜಾರುತ್ತದೆ? ತಿರುವು ಸರಿ ಬಂದಾಗ ನನ್ನ ಹಿಂದಿನ ಕಾಲು ಎಲ್ಲಿತ್ತು? ಇದರಲ್ಲಿ ಮೂರನೆಯದೇ ಹೆಚ್ಚು ಕಲಿಸಿತು. ಫಿನ್ ಬದಲಾದಾಗಲೆಲ್ಲ ಕಾಲಿನ ಜಾಗವೂ ಬದಲಾಗುತ್ತಿತ್ತು. ಕಾಲು ಹಳೆಯ ಜಾಗದಲ್ಲೇ ಇದ್ದರೆ ಎಂಥ ಒಳ್ಳೆಯ ಫಿನ್ ಕೂಡ ಕೆಟ್ಟದ್ದು ಅನಿಸುತ್ತಿತ್ತು.

ಅಲೆ ಮೇಲೆ ಹೋಗುವ ಮೊದಲು ಎಲ್ಲರೂ ಒಂದು ಕೆಲಸ ಮಾಡಿ ನೋಡಬೇಕು. ಸೊಂಟ ಮಟ್ಟದ ನಿಂತ ನೀರಿಗೆ ಹೋಗಿ, ಒಂದು ಪಕ್ಕದ ಫಿನ್ ಕೈಯಲ್ಲಿ ಹಿಡಿದುಕೊಳ್ಳಿ. ಪಕ್ಕದ ಫಿನ್ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಇರುತ್ತದೆ. ಅದರ ಬುಡವನ್ನು ಬೆರಳಿನಲ್ಲಿ ಹಗುರವಾಗಿ ಹಿಡಿದು, ಮುಂದಿನ ಅಂಚು ಮುಂದಿರುವಂತೆ ನೀರಿನೊಳಗೆ ನೇರವಾಗಿ ಎಳೆಯಿರಿ. ನೀವು ನೇರ ಎಳೆದರೂ ಅದು ಉಬ್ಬಿನ ಕಡೆಗೆ ಸರಿಯುತ್ತದೆ. ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಈಗ ನಡುವಿನ ಫಿನ್ ಹಿಡಿಯಿರಿ. ಅದು ಎರಡೂ ಕಡೆ ಸಮಾನ ಉಬ್ಬು. ನೇರ ಎಳೆದರೆ ಯಾವ ಕಡೆಗೂ ಹೋಗುವುದಿಲ್ಲ. ಸ್ವಲ್ಪ ಓರೆ ಮಾಡಿ, ತಕ್ಷಣ ಗಟ್ಟಿಯಾಗಿ ಪಕ್ಕಕ್ಕೆ ತಳ್ಳುತ್ತದೆ. ಓರೆ ಇನ್ನೂ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ಆ ತಳ್ಳುವ ಬಲ ಥಟ್ಟನೆ ಸತ್ತುಹೋಗುತ್ತದೆ. ಹಿಂದೆ ಸುಳಿ ಏಳುತ್ತದೆ, ಕೈಗೆ ಬರೀ ಭಾರ ಉಳಿಯುತ್ತದೆ. ಅಲೆ ಮೇಲೆ ಬಾಲ ಜಾರುವುದು ಈ ಹಂತದಲ್ಲೇ. ಫಿನ್ ಬಗ್ಗೆ ಏನೇ ಓದಿದರೂ ಈ ಐದು ನಿಮಿಷದಷ್ಟು ಅದು ಕಲಿಸುವುದಿಲ್ಲ.

ಮೂರು ಫಿನ್‌ಗಳ ಜೋಡಣೆಗೆ ಥ್ರಸ್ಟರ್ ಅಂತ ಹೆಸರು. ಇದರಿಂದಲೇ ಶುರು ಮಾಡಿದೆ, ಯಾಕೆಂದರೆ ಹೆಚ್ಚಿನವರ ಕಾಲಿಗೆ ರೂಢಿ ಇರುವುದು ಇದೇ. ಆಸ್ಟ್ರೇಲಿಯಾದ ಸರ್ಫರ್ ಸೈಮನ್ ಆಂಡರ್ಸನ್ 1980ರ ಕೊನೆಯಲ್ಲಿ ಇದನ್ನು ರೂಪಿಸಿದರು. ಆಗ ಎಲ್ಲೆಲ್ಲೂ ಎರಡು ಫಿನ್ ಬೋರ್ಡಿನ ಕಾಲ. ಆಂಡರ್ಸನ್ ಎತ್ತರದ, ಭಾರಿ ಮೈಕಟ್ಟಿನ ಮನುಷ್ಯ. ಅವರ ಒತ್ತಿಗೆ ಆ ಬೋರ್ಡುಗಳು ಜಾರುತ್ತಿದ್ದವು. ಇನ್ನೊಬ್ಬ ಸರ್ಫರ್‌ನ ಎರಡು ಫಿನ್ ಬೋರ್ಡಿನಲ್ಲಿ ಹಿಂದೆ ಒಂದು ಪುಟ್ಟ ಅರ್ಧಚಂದ್ರದಂಥ ಫಿನ್ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಅದನ್ನು ಪುಟ್ಟದಾಗಿ ಬಿಡದೆ, ಮೂರನ್ನೂ ಹತ್ತಿರ ಹತ್ತಿರ ಒಂದೇ ಅಳತೆಗೆ ತಂದರು. 1981ರಲ್ಲಿ ದೈತ್ಯ ಅಲೆಗಳು ಎದ್ದ, ಆಸ್ಟ್ರೇಲಿಯಾದ ಬೆಲ್ಸ್ ಬೀಚ್ ಸ್ಪರ್ಧೆಯನ್ನು ಆ ಬೋರ್ಡಿನಲ್ಲೇ ಗೆದ್ದರು. ಅದೇ ವರ್ಷ ಹವಾಯಿಯ ಪೈಪ್‌ಲೈನ್ ಮಾಸ್ಟರ್ಸ್ ಸ್ಪರ್ಧೆಯನ್ನೂ ಗೆದ್ದರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಇಷ್ಟು ದೊಡ್ಡ ವಿಷಯವನ್ನು ಎಲ್ಲರಿಗೂ ಬಿಟ್ಟುಕೊಟ್ಟ ಅವರ ಬಗ್ಗೆ ನನಗೆ ತುಂಬ ಗೌರವ.

ಥ್ರಸ್ಟರ್‌ನಲ್ಲಿ ನನ್ನ ಹಿಂದಿನ ಕಾಲು ಬಾಲದ ಮೇಲೇ ಇರುತ್ತದೆ, ಮುಂದಿನ ಎರಡು ಫಿನ್‌ಗೂ ಹಿಂದಿನದಕ್ಕೂ ನಡುವೆ. ಅಲ್ಲಿ ಒತ್ತಿದರೆ ಬೋರ್ಡ್ ಹಿಂದಿನ ಫಿನ್ ಸುತ್ತ ತಿರುಗುತ್ತದೆ. ಅಲೆಯ ತುದಿಗೆ ನೇರ ಮೇಲೇರಿ ಗಕ್ಕನೆ ತಿರುಗಿ ಇಳಿಯಲು ಇದರಷ್ಟು ನಂಬಿಕೆ ಬೇರೆ ಯಾವುದರಲ್ಲೂ ಬರುವುದಿಲ್ಲ. ಎಷ್ಟು ಒತ್ತಿದರೆ ಎಷ್ಟು ತಿರುಗುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಆದರೆ ವೇಗ ನಾವೇ ಹುಟ್ಟಿಸಬೇಕು. ಪಕ್ಕದ ಎರಡು ಫಿನ್‌ಗಳ ಮುಂದಿನ ಅಂಚು ಬೋರ್ಡಿನ ಮೂತಿಯ ಕಡೆಗೆ ಸ್ವಲ್ಪ ಒಳಕ್ಕೆ ತಿರುಗಿರುತ್ತದೆ. ನೇರ ಹೋಗುವಾಗ ಅವು ನೀರಿಗೆ ತುಸು ಅಡ್ಡ ನಿಂತಂತೆ. ಬೋರ್ಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಭಾರ ಹಾಕುತ್ತಾ ಹೋದರೆ ಒಂದೊಂದು ಫಿನ್ ಸರದಿಯಲ್ಲಿ ನೀರನ್ನು ಹಿಡಿದು ಮುಂದಕ್ಕೆ ತಳ್ಳುತ್ತದೆ. ಸುಮ್ನೆ ನಿಂತರೆ ನಿಧಾನವಾಗುತ್ತದೆ. ಸೊಂಟ ಮಟ್ಟದ ಸಪ್ಪೆ ಅಲೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸುಸ್ತು ಆಗುತ್ತದೆ, ದೂರ ಮಾತ್ರ ಸಿಗುವುದಿಲ್ಲ.

ಆಮೇಲೆ ನಡುವಿನ ಫಿನ್ ತೆಗೆದೆ. ಇಲ್ಲಿ ಒಂದು ಮಾತು. ಥ್ರಸ್ಟರ್ ಸೆಟ್ಟಿನ ಹಿಂದಿನದನ್ನು ಬಿಚ್ಚಿ ಉಳಿದೆರಡರಲ್ಲೇ ಹೋದರೆ ಅದು ಎರಡು ಫಿನ್ ಬೋರ್ಡ್ ಆಗುವುದಿಲ್ಲ. ಆ ಫಿನ್‌ಗಳ ಆಳ ನಾಲ್ಕೂವರೆ ಇಂಚಿನ ಆಸುಪಾಸು. ಬಾಲ ಹಿಡಿದು ನಿಲ್ಲಿಸಲು ಅಷ್ಟು ಸಾಲದು. ಎರಡೇ ಫಿನ್ ಹಾಕುವಾಗ ಅದಕ್ಕೆಂದೇ ಮಾಡಿದ, ಬುಡ ಅಗಲವಿರುವ, ಐದು ಇಂಚಿಗೂ ಹೆಚ್ಚು ಆಳದ ಜೋಡಿ ಬೇಕು. ಆಸ್ಟ್ರೇಲಿಯಾದ ಸರ್ಫರ್ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸಾಲಾಗಿ ನಾಲ್ಕು ಸಲ ವಿಶ್ವ ಚಾಂಪಿಯನ್ ಆದದ್ದು ಎರಡು ಫಿನ್ ಬೋರ್ಡುಗಳ ಬಲದಿಂದ. ಹಾಗಾಗಿ ಎರಡು ಫಿನ್ ಅಂದರೆ ಬರೀ ಆಟದ ಸಾಮಾನು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸರಿಯಾದ ಜೋಡಿ ಹಾಕಿದ ಮೇಲೆ ಎದ್ದು ನಿಂತ ಕ್ಷಣದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಹಿಂದೆ ಹಿಡಿದೆಳೆಯುವುದು ಏನೂ ಇಲ್ಲ. ಅಲೆಯ ಚಪ್ಪಟೆ ಭಾಗದಲ್ಲೂ ಬೋರ್ಡ್ ಓಡುತ್ತಲೇ ಇರುತ್ತದೆ. ಥ್ರಸ್ಟರ್‌ನಲ್ಲಿ ಕೈಬಿಟ್ಟು ಹೋಗುತ್ತಿದ್ದ ಅಲೆಯ ತುಂಡುಗಳನ್ನು ಇದರಲ್ಲಿ ಸಲೀಸಾಗಿ ದಾಟಿದೆ. ಆದರೆ ಬಾಲದ ಮೇಲೆ ಜೋರಾಗಿ ತುಳಿದರೆ ಅದು ಜಾರಿ ಪಕ್ಕಕ್ಕೆ ಹೋಗುತ್ತದೆ. ತುಳಿತ ತಡೆದುಕೊಳ್ಳಲು ಅಲ್ಲಿ ಫಿನ್ನೇ ಇಲ್ಲ ಅಲ್ವಾ. ಇದಕ್ಕೆ ಉಪಾಯ, ಹಿಂದಿನ ಕಾಲನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ತರುವುದು. ಆಗ ಕಾಲು ಫಿನ್‌ಗಳ ಮೇಲೆ ಬರುತ್ತದೆ. ತಿರುವನ್ನು ಬಾಲದಿಂದ ಶುರು ಮಾಡುವ ಬದಲು ಮುಂದಿನ ಕಾಲಿನ ಭಾರದಿಂದ, ಇಡೀ ಅಂಚನ್ನು ನೀರಿಗೆ ಒತ್ತಿ ಶುರು ಮಾಡಬೇಕು. ಹೀಗೆ ಮಾಡಿದಾಗ ಬಂದ ಕಟ್‌ಬ್ಯಾಕ್, ಅಂದರೆ ಅಲೆ ಮುರಿಯುವ ಕಡೆಗೆ ವಾಪಸ್ ತಿರುಗುವುದು, ನನಗೆ ತುಂಬ ಹಿಡಿಸಿತು. ಉದ್ದಕ್ಕೆ, ಎಲ್ಲೂ ತಡೆಯದೆ, ನೊರೆಯವರೆಗೂ ಹರಿದು ಬರುವ ತಿರುವು ಅದು. ಅಲೆ ಕಡಿದಾಗಿ, ತಲೆ ಮಟ್ಟ ದಾಟಿದಾಗ ಮಾತ್ರ ಈ ಜೋಡಣೆ ನನಗೆ ಬೇಡ. ಕೆಳಗಿಳಿದು ಬಾಟಮ್ ಟರ್ನ್ (ಅಲೆಯ ಬುಡದಲ್ಲಿ ಹಾಕುವ ತಿರುವು) ಹಾಕುವಾಗ ಬಾಲ ಹಿಡಿಯುತ್ತದೋ ಇಲ್ಲವೋ ಅನ್ನುವ ಅನುಮಾನದಲ್ಲೇ ಅರ್ಧ ಅಲೆ ಕಳೆದುಹೋಗುತ್ತದೆ.

ಎರಡು ಫಿನ್‌ನಲ್ಲೇ ಕೀಲ್ ಅಂತ ಇನ್ನೊಂದು ಬಗೆ ಇದೆ. ಬುಡ ತುಂಬ ಉದ್ದ, ಎತ್ತರ ಕಮ್ಮಿ. 1967ರ ಹೊತ್ತಿಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸ್ಟೀವ್ ಲಿಸ್ ಮಂಡಿಯೂರಿ ಸವಾರಿ ಮಾಡಲು ರೂಪಿಸಿದ ಫಿಶ್ ಬೋರ್ಡಿನ ಜೊತೆ ಬಂದದ್ದು ಇದು. ಆ ಬೋರ್ಡಿನ ಬಾಲ ಮೀನಿನ ಬಾಲದಂತೆ ಸೀಳಿರುತ್ತದೆ, ಕೀಲ್‌ಗಳು ಬಾಲಕ್ಕೆ ಹತ್ತಿರ ಕೂತಿರುತ್ತವೆ. ನನ್ನ ಬೋರ್ಡಿನ ಬಾಕ್ಸಿನಲ್ಲಿ ಕೀಲ್ ಹಾಕಿದ್ದರಿಂದ ಹೆಚ್ಚೇನೂ ಸಿಗಲಿಲ್ಲ. ಅದು ಫಿಶ್ ಬೋರ್ಡಿಗೇ ಹೇಳಿಮಾಡಿಸಿದ್ದು.

ಥ್ರಸ್ಟರ್‌ಗೂ ಎರಡು ಫಿನ್‌ಗೂ ನಡುವೆ ನಾನು ಈಗ ಹೆಚ್ಚು ಬಳಸುವ ಜೋಡಣೆ ಸಿಕ್ಕಿತು. ಎರಡು ದೊಡ್ಡ ಫಿನ್, ಹಿಂದೆ ನಡುವೆ ಒಂದು ಪುಟ್ಟ ಫಿನ್. ಇದನ್ನು ಟ್ರೇಲರ್ ಅನ್ನುತ್ತಾರೆ. ಎರಡು ಮೂರು ಇಂಚಿನ ಈ ಪುಟಾಣಿ ಏನು ಮಾಡೀತು ಅನಿಸಬಹುದು. ಆದರೆ ಬಾಲ ಜಾರುವ ಆ ಹಂತವನ್ನು ಅದು ಮುಂದಕ್ಕೆ ತಳ್ಳುತ್ತದೆ. ಮೊದಲು ಜಾರುತ್ತಿದ್ದ ತಿರುವಿನಲ್ಲಿ ಈಗ ಬಾಲ ಒಂದು ಚೂರು ಸರಿದು, ತಾನೇ ಹಿಡಿದುಕೊಳ್ಳುತ್ತದೆ. ಓಟ ಹೆಚ್ಚುಕಮ್ಮಿ ಎರಡು ಫಿನ್‌ನದ್ದೇ. ಕಾಲು ಎರಡು ಬೆರಳಿನಷ್ಟು ಹಿಂದಕ್ಕೆ ಹೋಗಬಹುದು. ಎದೆ ಮಟ್ಟದ ಅಲೆಗೆ ಇದಕ್ಕಿಂತ ಖುಷಿ ಕೊಡುವ ಜೋಡಣೆ ನಾನು ಕಂಡಿಲ್ಲ.

ನಾಲ್ಕು ಫಿನ್, ಅಂದರೆ ಕ್ವಾಡ್, ಅರ್ಥವಾಗಲು ಎಲ್ಲಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಇದರಲ್ಲಿ ಬೋರ್ಡಿನ ನಡುವೆ ಫಿನ್ ಇಲ್ಲ. ನಾಲ್ಕೂ ಅಂಚಿನ ಕಡೆ ಇವೆ. ಬೋರ್ಡ್ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಎರಡೂ ಫಿನ್ ಒಟ್ಟಿಗೆ ನೀರಿನೊಳಗೆ ಆಳಕ್ಕೆ ಇಳಿಯುತ್ತವೆ. ಹಾಗಾಗಿ ಅಲೆಯ ಗೋಡೆಗೆ ಅಂಟಿಕೊಂಡು ಅಡ್ಡಕ್ಕೆ ಓಡುವಾಗ ಹಿಡಿತವೂ ಇದೆ, ವೇಗವೂ ಇದೆ. ಒತ್ತಿ ಒತ್ತಿ ಓಡಿಸಬೇಕಾಗಿಲ್ಲ. ಒಂದು ಗೆರೆ ಹಿಡಿದು ನಿಂತರೆ ಅದೇ ಓಡುತ್ತದೆ. ಟೊಳ್ಳಾಗಿ ಮಗುಚುವ ಅಲೆಯ ಬ್ಯಾರಲ್ ಒಳಗೆ ಹೋಗುವವರು ಇದನ್ನು ಇಷ್ಟಪಡುವುದು ಇದಕ್ಕೇ. ಅಲ್ಲಿ ಒತ್ತಲು ಜಾಗ ಇರುವುದಿಲ್ಲ, ಗೆರೆ ಬಿಡದೆ ಓಡಬೇಕು ಅಷ್ಟೇ.

ತೊಂದರೆ ಇರುವುದು ಅಲೆಯ ತುದಿಯಲ್ಲಿ. ಥ್ರಸ್ಟರ್‌ನಲ್ಲಿ ತಿರುಗುವ ಹಾಗೆ ಹಿಂದಿನ ಕಾಲು ಒತ್ತಿದೆ, ಬೋರ್ಡ್ ಗಕ್ಕನೆ ತಿರುಗಲಿಲ್ಲ. ಅರ್ಧ ತಿರುಗಿ, ಮತ್ತೆ ಅಡ್ಡಕ್ಕೇ ಓಡಲು ನೋಡಿತು. ಸುತ್ತಿ ತಿರುಗಲು ನಡುವೆ ಗೂಟದಂತೆ ನಿಲ್ಲುವ ಫಿನ್ ಇಲ್ಲವಲ್ಲ. ಅಲೆಗೆ ಬೆನ್ನು ಹಾಕಿ ಸವಾರಿ ಮಾಡುವಾಗ ಇದು ಇನ್ನೂ ಎದ್ದು ಕಾಣುತ್ತದೆ. ನಾನು ಕಂಡುಕೊಂಡ ದಾರಿ ಇಷ್ಟು. ಕ್ವಾಡ್‌ನಲ್ಲಿ ತಿರುವನ್ನು ಮೊದಲೇ ಶುರು ಮಾಡಬೇಕು, ತುದಿ ತಲುಪುವ ಮೊದಲೇ. ಅಂಚನ್ನು ಬಿಡದೆ ದೊಡ್ಡ ಬಿಲ್ಲಿನ ಹಾಗೆ ತಿರುಗಿಸಬೇಕು. ಕಾಲು ಬಾಲದ ಮೇಲೆ ಇರಲಿ, ಆದರೆ ಭಾರ ಹಿಮ್ಮಡಿ ಅಥವಾ ಬೆರಳುಗಳ ಕಡೆ, ಅಂದರೆ ಅಂಚಿನ ಮೇಲೆ ಬೀಳಬೇಕು. ನಟ್ಟನಡುವೆ ತುಳಿದರೆ ಕ್ವಾಡ್ ಕೇಳುವುದಿಲ್ಲ.

ಹಿಂದಿನ ಎರಡು ಫಿನ್ ಎಲ್ಲಿವೆ ಅನ್ನುವುದರ ಮೇಲೂ ಕ್ವಾಡ್‌ನ ಗುಣ ನಿಂತಿದೆ. ಅವು ಅಂಚಿಗೆ ಹತ್ತಿರ ಇದ್ದರೆ ಎರಡು ಫಿನ್ ಬೋರ್ಡಿನ ಚುರುಕು. ನಡುವಿನ ಗೆರೆಗೆ ಹತ್ತಿರ ಇದ್ದರೆ ಥ್ರಸ್ಟರ್‌ನ ಗುಣ ಸ್ವಲ್ಪ ಬರುತ್ತದೆ. ಇದು ಬೋರ್ಡ್ ಮಾಡುವಾಗಲೇ ತೀರ್ಮಾನ ಆಗಿರುತ್ತದೆ, ಆಮೇಲೆ ಬದಲಾಯಿಸಲು ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಹಿಂದಿನ ಜೋಡಿಯ ಅಳತೆ ಮಾತ್ರ. ಅದನ್ನು ಒಂದು ಅಳತೆ ಚಿಕ್ಕದು ಮಾಡಿದಾಗ ನನ್ನ ತಿರುವು ಎಷ್ಟೋ ಸಡಿಲವಾಯಿತು.

ಒಂದೇ ಫಿನ್‌ನ ಮಾತು ಬೇರೆ. ಅದಕ್ಕೆ ನಾನು 9 ಅಡಿಯ ಲಾಂಗ್‌ಬೋರ್ಡ್ ಇಟ್ಟುಕೊಂಡಿದ್ದೇನೆ. ಎಲ್ಲ ಫಿನ್‌ಗಳ ಕತೆ ಶುರುವಾಗುವುದೂ ಇಲ್ಲಿಂದಲೇ. 1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಒಂದು ಸ್ಪೀಡ್‌ಬೋಟಿನ ತಳದ ಕೀಲ್ ಅನ್ನು ತೆಗೆದು ತಮ್ಮ ಬೋರ್ಡಿನ ತಳಕ್ಕೆ ಕೂರಿಸಿದರು. ಅದಕ್ಕೆ ಮೊದಲು ಬೋರ್ಡಿನ ತಳ ಬೋಳು. ತಿರುಗಬೇಕಾದರೆ ಒಂದು ಕಾಲನ್ನು ನೀರಿಗೆ ಇಳಿಸಿ ಎಳೆಯಬೇಕಿತ್ತು. 1960ರ ದಶಕದ ನಡುವೆ ಜಾರ್ಜ್ ಗ್ರೀನೋ ದಪ್ಪ, ಅಗಲ ಫಿನ್‌ಗಳನ್ನು ಬಿಟ್ಟು, ವೇಗವಾಗಿ ಈಜುವ ಕಡಲ ಜೀವಿಗಳ ರೆಕ್ಕೆ ನೋಡಿ, ಕಿರಿದಾದ, ಹಿಂದಕ್ಕೆ ಬಾಗಿದ, ತುದಿಯಲ್ಲಿ ಬಳುಕುವ ಫಿನ್ ಮಾಡಿದರು. 1966ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನ್ಯಾಟ್ ಯಂಗ್ ವಿಶ್ವ ಚಾಂಪಿಯನ್ ಆದಾಗ ಅವರ ಬೋರ್ಡಿನ ಕೆಳಗೆ ಇದ್ದದ್ದು ಇಂಥದೇ ಫಿನ್.

ಲಾಂಗ್‌ಬೋರ್ಡಿನ ಫಿನ್ ಬಾಕ್ಸ್ ಉದ್ದ ಇರುತ್ತದೆ, ಫಿನ್ನನ್ನು ಹಿಂದೆ ಮುಂದೆ ಸರಿಸಬಹುದು. ನನಗೆ ಇದು ಅತಿ ಇಷ್ಟದ ವಿಷಯ. ಹೊಸ ಫಿನ್ ಕೊಳ್ಳದೆಯೇ ಬೋರ್ಡಿನ ಗುಣ ಬದಲಾಯಿಸಬಹುದು. ಅರ್ಧ ಇಂಚು ಮುಂದಕ್ಕೆ ಸರಿಸಿದರೆ ಬೋರ್ಡ್ ಸಡಿಲ, ಬೇಗ ತಿರುಗುತ್ತದೆ. ಅರ್ಧ ಇಂಚು ಹಿಂದಕ್ಕೆ ಹೋದರೆ ಬಿಗಿ, ನೇರ ಗೆರೆಯಲ್ಲಿ ಓಡುತ್ತದೆ. ನಾನು ಹೊಸ ಫಿನ್ ಹಾಕಿದಾಗ ಬಾಕ್ಸಿನ ನಟ್ಟನಡುವೆ ಇಟ್ಟು, ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಸರಿಸುತ್ತೇನೆ. ಅಳತೆಗೆ ಹಳೆಯ ಲೆಕ್ಕ ಒಂದಿದೆ. ಬೋರ್ಡ್ ಎಷ್ಟು ಅಡಿಯೋ ಫಿನ್ ಸುಮಾರು ಅಷ್ಟು ಇಂಚು. ಅಲ್ಲಿಂದ ಶುರು ಮಾಡಿದರೆ ಅಷ್ಟೇನೂ ತಪ್ಪುವುದಿಲ್ಲ. ಮೂತಿಯವರೆಗೆ ನಡೆದು ಹೋಗಿ ನಿಲ್ಲುವ ಆಸೆ ಇದ್ದರೆ ನೆಟ್ಟಗೆ ನಿಂತ, ತುದಿಯಲ್ಲೂ ಅಗಲವಿರುವ ಫಿನ್ ಬೇಕು. ಅದು ಬಾಲವನ್ನು ಅಲೆಯೊಳಗೆ ಹಿಡಿದಿಡುತ್ತದೆ. ದೊಡ್ಡ ತಿರುವು ಬೇಕಾದರೆ ಹಿಂದಕ್ಕೆ ಬಾಗಿದ್ದು ಒಳ್ಳೆಯದು. ಒಂದೇ ಫಿನ್‌ನಲ್ಲಿ ಅವಸರ ಮಾತ್ರ ಮಾಡಬಾರದು. ಒತ್ತಿ, ಬೋರ್ಡ್ ವಾಲುವವರೆಗೆ ಕಾಯಬೇಕು. ಮತ್ತೆ ಮತ್ತೆ ತುಳಿದರೆ ಇದ್ದ ಓಟವೂ ನಿಲ್ಲುತ್ತದೆ.

ಇನ್ನು ಫಿನ್‌ನ ಆಕಾರ. ಯಾವ ಜೋಡಣೆಯೇ ಇರಲಿ, ಇದು ಅನ್ವಯಿಸುತ್ತದೆ. ಬುಡ ಉದ್ದ ಇದ್ದರೆ ತಿರುವಿನಿಂದ ಹೊರಬರುವಾಗ ಓಟ ಜಾಸ್ತಿ. ಆಳ ಹೆಚ್ಚಿದರೆ ಹಿಡಿತ ಜಾಸ್ತಿ. ಹಿಂದಕ್ಕೆ ಬಾಗಿದಷ್ಟೂ ತಿರುವು ಉದ್ದ, ನೆಟ್ಟಗಿದ್ದಷ್ಟೂ ತಿರುವು ಚಿಕ್ಕದು. ಬಳುಕುವ ಫಿನ್ ಚಿಕ್ಕ ಅಲೆಯಲ್ಲಿ ತಿರುವಿನ ಕೊನೆಗೆ ಒಂದು ಚಿಮ್ಮು ಕೊಡುತ್ತದೆ, ಬಲವಾದ ಅಲೆಯಲ್ಲಿ ನಡುಗುತ್ತದೆ. ಬೋರ್ಡಿನ ಜೊತೆ ಕೊಡುವ ಅಗ್ಗದ ಪ್ಲಾಸ್ಟಿಕ್ ಫಿನ್ ಬಳುಕುತ್ತದೆ ನಿಜ, ಆದರೆ ಹೇಗೆಂದರೆ ಹಾಗೆ ಬಳುಕುತ್ತದೆ. ಫೈಬರ್‌ಗ್ಲಾಸ್ ಫಿನ್ ಬುಡದಲ್ಲಿ ಗಟ್ಟಿ ಇದ್ದು ತುದಿಯ ಕಡೆಗೆ ಮೆಲ್ಲಗೆ ಬಾಗುತ್ತದೆ. ಒಂದೇ ಆಕಾರದ ಪ್ಲಾಸ್ಟಿಕ್ ಸೆಟ್ ತೆಗೆದು ಫೈಬರ್‌ಗ್ಲಾಸ್ ಸೆಟ್ ಹಾಕಿದ ದಿನ ಬಾಟಮ್ ಟರ್ನ್‌ನಲ್ಲೇ ಅದು ತಿಳಿಯಿತು. ಒತ್ತಿದ್ದು ಪೂರ್ತಿ ವಾಪಸ್ ಬಂತು.

ಅಳತೆ ಆರಿಸುವಾಗ ತೂಕ ನೋಡಿ. ಥ್ರಸ್ಟರ್ ಸೆಟ್ಟಿನಲ್ಲಿ ಮಧ್ಯಮ ಅಳತೆ ಸುಮಾರು 65ರಿಂದ 80 ಕಿಲೋ ತೂಕದವರಿಗೆ ಅಂತ ಮಾಡಿರುತ್ತಾರೆ. ಎರಡು ಅಳತೆಗಳ ಗಡಿಯಲ್ಲಿದ್ದರೆ ಚಿಕ್ಕ ಅಲೆಗೆ ಚಿಕ್ಕದು, ದೊಡ್ಡ ಅಲೆಗೆ ದೊಡ್ಡದು. ಕೊಳ್ಳುವ ಮೊದಲು ಬಾಕ್ಸ್ ಯಾವುದು ನೋಡಿಕೊಳ್ಳಿ. ಎಫ್‌ಸಿಎಸ್, ಫ್ಯೂಚರ್ಸ್ ಅಂತ ಎರಡು ಕಂಪನಿಗಳ ಬಾಕ್ಸಿಗೆ ಫಿನ್ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಾಕುವಾಗ ಬಾಕ್ಸಿನೊಳಗಿನ ಮರಳು ತೊಳೆದು, ಸ್ಕ್ರೂವನ್ನು ಬೆರಳಿನ ಬಲದಷ್ಟೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಸ್ಕ್ರೂವಿನ ತಲೆ ಸವೆದು ಆಮೇಲೆ ಬಿಚ್ಚಲು ಬರುವುದಿಲ್ಲ. ಪಕ್ಕದ ಫಿನ್‌ಗಳ ಉಬ್ಬು ಹೊರಗಿರಬೇಕು, ಚಪ್ಪಟೆ ಒಳಗೆ. ವೇಗ ಹೆಚ್ಚಿದಾಗ ಫಿನ್ ಗುಂಯ್ ಅಂತ ಹಾಡಲು ಶುರು ಮಾಡಿದರೆ ಹಿಂದಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಲ್ಲೊಂದು ಚಿಕ್ಕ ಕಚ್ಚು ಸಿಗುವ ಸಾಧ್ಯತೆ ಹೆಚ್ಚು. ಸಣ್ಣ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಸದ್ದು ಹೋಗುತ್ತದೆ.

ಐದು ಬಾಕ್ಸ್‌ನ ಬೋರ್ಡ್ ಇದ್ದು, ಎರಡೇ ಸೆಟ್ ಕೊಳ್ಳುವುದಾದರೆ ನಾನು ಹೇಳುವುದು ಇದು. ಒಂದು, ನಿಮ್ಮ ತೂಕಕ್ಕೆ ಸರಿಯಾದ ಫೈಬರ್‌ಗ್ಲಾಸ್ ಥ್ರಸ್ಟರ್ ಸೆಟ್. ಇನ್ನೊಂದು, ಟ್ರೇಲರ್ ಇರುವ ಎರಡು ಫಿನ್ ಸೆಟ್. ತಲೆ ಮಟ್ಟದ ಅಲೆಗೆ ಮೊದಲನೆಯದು, ಅದಕ್ಕಿಂತ ಚಿಕ್ಕದಕ್ಕೆ ಎರಡನೆಯದು. ಕ್ವಾಡ್ ಬೇಕು ಅನಿಸಿದಾಗ ಹಿಂದಿನ ಚಿಕ್ಕ ಜೋಡಿಯೊಂದನ್ನು ಮಾತ್ರ ಕೊಂಡರೆ ಸಾಕು. ಮುಂದಿನವು ಥ್ರಸ್ಟರ್ ಸೆಟ್ಟಿನಲ್ಲೇ ಇವೆ.